ಕಮಾನು ಯಾರ ಕೈಯಲ್ಲಿತ್ತು

ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದ ಅಮ್ಮ, ಕಿಟಕಿಯ ಕಟ್ಟೆಯ ಮೇಲಿದ್ದ ಪುಟ್ಟ ಸ್ಪೀಕರಿನ ಕಡೆ ಕತ್ತು ತಿರುಗಿಸಿ, “ಇದೇನೇ ಇದು, ಬಟ್ಟೆ ಒಗೆಯೋ ಮಷೀನಿಗೆ ಯಾರೋ ಪಿಟೀಲು ಹಾಕಿಬಿಟ್ಟ ಹಾಗಿದೆ” ಎಂದಳು.

“ಡಾನ್ಸ್ ಮ್ಯೂಸಿಕ್ ಕಣಮ್ಮಾ. ನಂದೇ ಆಲ್ಬಮ್ಮು.”

“ನಿನಗೇ ಒಂದು ಹೆಜ್ಜೆ ಹಾಕೋಕೆ ಬರಲ್ಲ. ಊರನ್ನೆಲ್ಲ ಕುಣಿಸೋಕೆ ಹೊರಟಿದ್ದೀಯಾ.”

ಮಗಳಿಗೆ ನಗು ಬಂತು. ಅಮ್ಮನ ಮಾತು ಸುಳ್ಳಲ್ಲ. ವಾದ್ಯವೃಂದದ ಹನ್ನೆರಡು ವಯೊಲಿನ್‌ಗಳಲ್ಲಿ ಒಂದಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಕೂತು ಅವಳ ಸೊಂಟ ಕುರ್ಚಿಯ ಆಕಾರಕ್ಕೇ ಬಂದುಬಿಟ್ಟಿತ್ತು. ಹಾಡಲೂ ಬರುತ್ತದೆ ಎಂಬುದು ಅಲ್ಲಿ ಯಾರಿಗೂ ಬೇಕಿರದ ಸಂಗತಿ. ಈಗ ನಲವತ್ತು ದಾಟಿದ ಮೇಲೆ, ಮೊದಲ ಬಾರಿ, ತನ್ನ ಗಂಟಲು ತನ್ನ ತಂತಿ ಎರಡನ್ನೂ ಒಟ್ಟಿಗೆ ಇಟ್ಟು, ಕೆಳಗೆ ಯಂತ್ರದ ಧಿಂ ಧಿಂ ಹಾಸಿ, ಪದಗಳೇ ಇಲ್ಲದ ಎಂಟು ಹಾಡು ಮಾಡಿದ್ದಾಳೆ. ಅವುಗಳನ್ನು ಜೋಡಿಸಿದವನು ಗಡ್ಡ. ಅವನ ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಸಂಜೆಯೊಳಗೆ ‘ಸರಿ’ ಅಂತ ಒಂದೇ ಒಂದು ಮಾತು ಕಳಿಸಿಬಿಡಿ ಮೇಡಂ, ನಾಳೆ ಬೆಳಿಗ್ಗೆ ಹೊರಗೆ ಬಿಡ್ತೀವಿ, ಎಂದಿದ್ದ. ಆ ಒಂದು ಮಾತಿಗೆ ಮುಂಚೆ ಕೊನೆಯ ಸಲ ಕೇಳೋಣವೆಂದು ಅಡುಗೆಮನೆಯಲ್ಲಿ ಹಾಕಿದ್ದಳು. ಮೊದಲ ಹಾಡಿನ ನಡುವೆ ಎಲ್ಲ ಸದ್ದೂ ನಿಂತು ವಯೊಲಿನ್ ಒಂದೇ ಉಳಿಯುತ್ತದೆ. ಒಂದು ಉಸಿರಿನಷ್ಟು ಉದ್ದದ ಸಾಲು. ಮೇಲಿಂದ ಜಾರಿ ಬಂದು, ನೆಲ ಮುಟ್ಟುವ ಮೊದಲೇ, ಮನಸ್ಸು ಬದಲಾಯಿಸಿದವಳ ಹಾಗೆ ಅಲ್ಲೇ ತಡೆದು ನಿಲ್ಲುತ್ತದೆ. ಆ ತಡೆಯ ಮೇಲೆಯೇ ಗಡ್ಡ ಇಡೀ ಆಲ್ಬಮ್ ಕಟ್ಟಿದ್ದ. ಎಂಟು ಹಾಡಿನಲ್ಲೂ ಅದೇ ಸಾಲು ತಲೆಕೆಳಗಾಗಿ, ಚೂರುಚೂರಾಗಿ, ನಿಧಾನವಾಗಿ ಮರಳಿ ಬರುತ್ತದೆ. ಕೈಯಲ್ಲಿ ಹುರುಳಿಕಾಯಿ ಹಿಡಿದುಕೊಂಡೇ ಅಮ್ಮ ಸುಮ್ಮನೆ ಕೇಳಿದಳು. ಆಮೇಲೆ, “ಅವಳು ಹೇಗಿದ್ದಾಳೆ?” ಎಂದಳು.

“ಯಾರು?”

“ಅವಳೇ, ನಿನ್ನ ಜೋಡಿ. ಈ ಪಿಟೀಲು ಕೇಳಿ ಅವಳ ನೆನಪಾಯ್ತು ನೋಡು.”

“ಇದು ನಾನು ನುಡಿಸಿದ್ದಮ್ಮಾ.”

“ಇರಬಹುದಪ್ಪ. ನನಗೇನು ಗೊತ್ತಾಗುತ್ತೆ? ಇಬ್ಬರೂ ರೂಮಿನ ಬಾಗಿಲು ಹಾಕ್ಕೊಂಡು ಕುಯ್ತಾ ಇದ್ರಿ. ಹೊರಗೆ ಕೂತವಳಿಗೆ ಒಬ್ಬಳೇ ಕುಯ್ದ ಹಾಗೆ.”

ಅಷ್ಟೇ ಹೇಳಿ ಅಮ್ಮ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಮ್ಮನ ಮಟ್ಟಿಗೆ ಮಾತು ಮುಗಿದಿತ್ತು. ಮಗಳು ಸ್ಪೀಕರ್ ಆರಿಸಿದಳು, ಮತ್ತೆ ಹಾಕಿದಳು, ಮತ್ತೆ ಆರಿಸಿದಳು. ನಾನು ನುಡಿಸಿದ್ದು. ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಮೂರನೆಯ ಸಲ ಹೇಳಿಕೊಂಡಾಗ ಆ ವಾಕ್ಯ ಬೇರೆ ಯಾರೋ ಸಾಕ್ಷಿ ಹೇಳಿದಂತೆ ಕೇಳಿಸಿತು.

ಜೋಡಿಯನ್ನು ಹುಡುಕಿಕೊಂಡು ಹೊರಟು ಬಸ್ಸಿನ ಕಿಟಕಿಯ ಪಕ್ಕ ಕೂತಾಗಲೂ ಕಿವಿಯಲ್ಲಿ ಅದೇ ಸಾಲು. ಈಗ ಕೇಳುತ್ತಿದ್ದದ್ದು ಗಡ್ಡ ಕತ್ತರಿಸುವ ಮೊದಲಿನ ಮೂಲ, ಹಳೆಯ ಫೋನಿನಲ್ಲಿ ಹಿಡಿದದ್ದು. ವಾದ್ಯಶಾಲೆಯ ಸಾಮಾನಿನ ಕೋಣೆ, ಮುರಿದ ಕುರ್ಚಿಗಳು, ಬಟ್ಟೆ ಮುಚ್ಚಿದ ನಗಾರಿಗಳು, ಅಭ್ಯಾಸಕ್ಕೆ ಕರೆ ಬರುವವರೆಗೆ ಕಾಯುತ್ತಿದ್ದ ಇಬ್ಬರು ಹೆಂಗಸರು. ಒಂದೇ ಸ್ಟ್ಯಾಂಡಿನ ಹಾಳೆ ನೋಡಿ ನುಡಿಸುವ ಇಬ್ಬರನ್ನು ಅಲ್ಲಿ ಜೋಡಿ ಎನ್ನುತ್ತಾರೆ. ಇವಳಿಗೆ ಅವಳು ಜೋಡಿ, ಅವಳಿಗೆ ಇವಳು ಜೋಡಿ. ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಇವಳದು ಸಭೆಯ ಕಡೆಗಿನ ಹೊರ ಕುರ್ಚಿ, ಜೋಡಿಯದು ಒಳ ಕುರ್ಚಿ. ಹಾಳೆ ತಿರುವುವುದು ಒಳಗಿನವಳ ಕೆಲಸ. ಪುಟದ ಕೊನೆಯ ಸಾಲು ಬಂದಾಗ ಅವಳು ಕಮಾನನ್ನು ಮಡಿಲಿಗೆ ಇಳಿಸಿ ಕೈ ಚಾಚುತ್ತಾಳೆ, ಹೊರಗಿನವಳು ನಿಲ್ಲಿಸದೆ ನುಡಿಸುತ್ತಾಳೆ. ಕೇಳುವವರಿಗೆ ಹರಿದ ಜಾಗ ಕಾಣಿಸಬಾರದು. ಆ ದಿನ ಜೋಡಿಯ ವಯೊಲಿನ್ನಿನ ತಂತಿ ಹರಿದಿತ್ತು. ಇವಳ ವಯೊಲಿನ್ನನ್ನೇ ಇಬ್ಬರೂ ಆ ಕೈಯಿಂದ ಈ ಕೈಗೆ ದಾಟಿಸುತ್ತ, ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಎತ್ತಿಕೊಳ್ಳುತ್ತ ಆಟ ಆಡಿದ್ದರು. ಮೂಲದಲ್ಲಿ ನಗು ಇದೆ, ಮೂಗು ಸೀಟಿದ ಸದ್ದು ಇದೆ, ಮರಕ್ಕೆ ಬಳೆಯೋ ಗುಂಡಿಯೋ ತಾಗಿದ ಟಕ್ ಇದೆ, ಆಮೇಲೆ ಆ ಸಾಲು ಇದೆ. ಕಮಾನು ಯಾರ ಕೈಯಲ್ಲಿತ್ತು ಎಂಬುದು ಮಾತ್ರ ಇಲ್ಲ.

ಯಾರ ಕೈ ಎಂದು ಗೊತ್ತಾಗದಿರಲೆಂದೇ ಇಬ್ಬರನ್ನೂ ತಯಾರು ಮಾಡಿದ್ದು. ವಾದ್ಯವೃಂದ ನಡೆಸುವ ಕೋಲು ಮಾಸ್ಟರು ಕೈಯಲ್ಲಿ ಬಿಳಿ ಕಡ್ಡಿ ಆಡಿಸುತ್ತ ಹೇಳುತ್ತಿದ್ದರು, ಹನ್ನೆರಡು ಜನ ಒಬ್ಬರ ಹಾಗೆ ಕೇಳಿಸಬೇಕು, ಯಾರು ಅಂತ ಗೊತ್ತಾದರೆ ಆ ವ್ಯಕ್ತಿ ಇಲ್ಲಿಗೆ ಲಾಯಕ್ಕಲ್ಲ. ಅದನ್ನೇ ಶಿಸ್ತು ಎಂದರು, ಅದನ್ನೇ ಕಲೆ ಎಂದರು. ಇವಳು ತನ್ನ ಜಾರುವಿಕೆಯನ್ನು ತಿದ್ದಿಕೊಂಡಳು, ಜೋಡಿ ತನ್ನ ನಡುಕವನ್ನು ಒರೆಸಿಹಾಕಿದಳು, ಇಬ್ಬರೂ ತಮ್ಮಲ್ಲಿ ತಮ್ಮದಾಗಿದ್ದನ್ನೆಲ್ಲ ಹೆರೆದು ಹೆರೆದು ಒಂದೇ ಅಳತೆಗೆ ತಂದರು. ಚಪ್ಪಾಳೆ ಬಂದಾಗ ಮಾಸ್ಟರು ಒಬ್ಬರೇ ಬಾಗುತ್ತಿದ್ದರು. ತಪ್ಪು ಬಂದಾಗ ಮಾತ್ರ ಹನ್ನೆರಡು ಜನರಿಗೂ ಬೇರೆ ಬೇರೆ ಮುಖ ಇದೆಯೆಂದು ಅವರಿಗೆ ನೆನಪಾಗುತ್ತಿತ್ತು. ಮೂರು ವರ್ಷದ ಹಿಂದಿನ ಒಂದು ಕಛೇರಿಯ ಸಂಜೆ ಊರಿನ ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದಾಗ ಇವರಿಬ್ಬರ ಸ್ಟ್ಯಾಂಡಿನಿಂದ ಒಂದು ಸ್ವರ ಕೂದಲೆಳೆಯಷ್ಟು ಕೆಳಗೆ ಬಿತ್ತು. ಮರುದಿನ ಎಲ್ಲರೆದುರು ಮಾಸ್ಟರು ಕೇಳಿದರು, “ಯಾರದು?” ಜೋಡಿ ಎದ್ದು, “ಸರ್, ಯಾರು ಅಂತ ಗೊತ್ತಾಗಬಾರದು ಅಂತ ನೀವೇ ಕಲಿಸಿದ್ರಿ. ಚೆನ್ನಾಗಿ ಕಲಿತುಬಿಟ್ಟಿದ್ದೀವಿ” ಎಂದಳು. ಹಿಂದಿನ ಸಾಲಿನವರು ಕಿಸಕ್ಕೆಂದರು. ಮಾಸ್ಟರು ನಗಲಿಲ್ಲ. ಇವಳ ಕಡೆ ತಿರುಗಿ, “ನೀನು ಹೇಳಮ್ಮಾ” ಎಂದರು. ಇವಳು ಏನೂ ಹೇಳಲಿಲ್ಲ. ದೇವರಾಣೆಗೂ ಬಾಯಿ ಬಿಡಲಿಲ್ಲ. ಕಣ್ಣೆತ್ತಿ ಜೋಡಿಯ ಕಡೆ ನೋಡಿದಳು, ಅಷ್ಟೇ. ನೋಡುವುದೂ ಒಂದು ಹೇಳಿಕೆ ಎಂದು ಗೊತ್ತಾಗುವ ಹೊತ್ತಿಗೆ ಮಾಸ್ಟರು ತಲೆಯಾಡಿಸಿ, ಜೋಡಿಗೆ ಮುಂದಿನ ತಿಂಗಳಿಂದ ಬರಬೇಡ ಎಂದಾಗಿತ್ತು.

ಬಸ್ಸು ಒಂದು ಗೋಡೆಯ ಪಕ್ಕ ನಿಂತಿತು. ಗೋಡೆಯ ಮೇಲೆ ಅವಳದೇ ಮುಖ, ಮುಖದ ಕೆಳಗೆ ಗಡ್ಡ ಬರೆಸಿದ ಸಾಲು: ‘ಒಬ್ಬಳೇ ಹೆಣ್ಣು. ಒಂದೇ ವಯೊಲಿನ್. ಅವಳದೇ ದನಿ.’ ಪಕ್ಕದ ಸೀಟಿನ ಹೆಂಗಸು ಪೋಸ್ಟರನ್ನೂ ಇವಳನ್ನೂ ನೋಡಿ, ಇರಲಾರದು ಎಂದುಕೊಂಡು ಚೀಲ ಸರಿಮಾಡಿಕೊಂಡಳು. ತಪ್ಪು ಬಂದಾಗ ಅದು ಅವಳದು, ಚೆಂದ ಬಂದಾಗ ನನ್ನದು. ಎಷ್ಟು ಸಲೀಸಾಗಿ ಹಂಚಿಕೊಂಡೆ. ತನ್ನ ನಿಲ್ದಾಣ ಅದೇ ಎಂದು ಹೊಳೆದು ಏಳುವಷ್ಟರಲ್ಲಿ ಬಸ್ಸು ಹೊರಟಿತು, “ನಿದ್ದೆ ಮನೇಲಿ ಮಾಡಬೇಕಮ್ಮಾ” ಎಂದು ಹಿಂದಿನಿಂದ ಯಾರೋ ಗೊಣಗಿದರು.

ಜೋಡಿ ಈಗ ಕಲಿಸುವ ಡ್ರೈವಿಂಗ್ ಶಾಲೆಯ ಮೈದಾನದಲ್ಲಿ ಹಳದಿ ಬಣ್ಣದ ಕಾರೊಂದು ಕೆಮ್ಮುತ್ತ ಹಾರುತ್ತ ಬಂದು ನಿಂತಿತು. ಒಳಗಿಂದ ಜೋಡಿಯ ಗಂಟಲು: “ಸಾರ್, ಹಾವು ತುಳಿದವರ ಹಾಗೆ ಕ್ಲಚ್ಚಿಂದ ಕಾಲು ಎತ್ತಬೇಡಿ. ಮೆಲ್ಲಗೆ. ಮಗು ಮಲಗಿದೆ ಅಂದ್ಕೊಳ್ಳಿ.” ಬೊಕ್ಕತಲೆಯ ವಿದ್ಯಾರ್ಥಿ ಬೆವರು ಒರೆಸಿಕೊಂಡು ಇಳಿದು ಹೋದ. ಜೋಡಿ ಇವಳನ್ನು ನೋಡಿದಳು. ಮೂರು ವರ್ಷದ ಮೇಲೆ ನೋಡಿದವಳ ಮುಖದಲ್ಲಿ ಏನು ಬರಬಹುದೆಂದು ಇವಳು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಬಂದದ್ದು ಬೇರೆ.

“ಓಹೋ, ಸ್ಟಾರ್! ಬಾ ಬಾ. ಪೋಸ್ಟರ್ ನೋಡಿದೆ. ನಿನ್ನ ಮೂಗು ಯಾವಾಗಿಂದ ಅಷ್ಟು ಉದ್ದ ಆಯ್ತೇ?”

“ಹೇಗಿದ್ದೀಯಾ?”

“ನೋಡ್ತಿದ್ದೀಯಲ್ಲ. ದಿನಕ್ಕೆ ಹತ್ತು ಜನ ನನ್ನನ್ನ ಸಾಯಿಸೋಕೆ ನೋಡ್ತಾರೆ, ಕೊನೆಗೆ ಥ್ಯಾಂಕ್ಸ್ ಮೇಡಂ ಅಂತಾರೆ. ಕೂತ್ಕೋ. ಅಲ್ಲಲ್ಲ, ಆ ಕಡೆ ನಂದು. ನೀನು ಸ್ಟೀರಿಂಗ್ ಮುಂದೆ.”

ಕಾರಿನೊಳಗೆ ಪೆಟ್ರೋಲಿನ ವಾಸನೆ, ಹಿಂದಿನವನ ಭಯದ ವಾಸನೆ. ಜೋಡಿಯ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇದ್ದವು. ಇಬ್ಬರಿಗೂ ಒಂದೇ ಗಾಡಿ. ಇವಳು ಬಂದ ಕಾರಣ ಹೇಳಲು ಬಾಯಿ ತೆರೆದಳು, “ಒಂದು ಹಾಡು ಕೇಳಿಸ್ಬೇಕಿತ್ತು” ಎಂದಷ್ಟೇ ಹೊರಬಂತು. ಜೋಡಿ ಕಾರಿನ ಸ್ಪೀಕರಿಗೆ ಇವಳ ಫೋನಿನ ವೈರು ಸಿಕ್ಕಿಸಿದಳು. ಧಿಂ ಧಿಂ ಶುರುವಾಯಿತು. ಬಾಗಿಲ ತಗಡು ನಡುಗಿತು. ಜೋಡಿಯ ಗಲ್ಲ ಎತ್ತಿಕೊಂಡಿತು, ಸೀಟಿನ ಮೇಲಿದ್ದ ಎಡಗೈಯ ಬೆರಳುಗಳು ತಾವಾಗಿಯೇ ಮಡಿಚಿದವು. ಆ ಬೆರಳ ತುದಿಗಳಲ್ಲಿ ತಂತಿ ಕೊರೆದ ಗಟ್ಟಿ ಚರ್ಮ ಈಗ ಇರಲಿಲ್ಲ, ಮಕ್ಕಳ ಬೆರಳಿನ ಹಾಗೆ ಮೆತ್ತಗೆ, ಬೆತ್ತಲೆಯಾಗಿದ್ದವು. ಇವಳು ದೃಷ್ಟಿ ತಪ್ಪಿಸಿ ಗಾಜಿನಾಚೆ ನೋಡಿದಳು. ಹಾಡಿನ ನಡುವೆ ಎಲ್ಲ ನಿಂತಿತು. ವಯೊಲಿನ್ ಜಾರಿ ಬಂತು, ತಡೆಯಿತು. ಮತ್ತೆ ಧಿಂ ಎಂದು ಬಿದ್ದಾಗ ಕಾರು ಒಮ್ಮೆ ಮುಗ್ಗರಿಸಿತು. ಇವಳು ಹೌಹಾರಿ ಸ್ಟೀರಿಂಗ್ ಹಿಡಿದಳು.

“ಹೆದರಬೇಡ, ನಾನೇ” ಎಂದು ಜೋಡಿ ನಕ್ಕಳು. “ಕಾಲು ಸುಮ್ಮನಿರಲಿಲ್ಲ ನೋಡು, ಕ್ಲಚ್ ಮೇಲೆ ತಾಳ ಹಾಕ್ಬಿಟ್ಟೆ. ಇಂಜಿನ್ ಆರಿಸ್ತೀನಿ, ಇರು. ನಿನ್ನ ಹಾಡಿಗೆ ಇಬ್ಬರೂ ಗೋಡೆಗೆ ಹೋಗ್ತೀವಿ.” ಆರಿಸಿದಳು. ಹಾಡನ್ನು ಮಾತ್ರ ಆರಿಸಲಿಲ್ಲ. ಅದು ಮುಗಿಯುವವರೆಗೆ ಕೇಳಿ, “ಚೆನ್ನಾಗಿದೆ ಕಣೆ. ನಿಜವಾಗ್ಲೂ. ಆ ನಡುವೆ ಬರುತ್ತಲ್ಲ, ಅದು ಯಾವಾಗಿನದು?” ಎಂದಳು.

“ಸಾಮಾನಿನ ಕೋಣೇದು. ನಿನ್ನ ತಂತಿ ಹರಿದಿತ್ತಲ್ಲ, ಆವತ್ತು.”

“ಹಾಗಾದ್ರೆ ನಾನೂ ಇದ್ದೆ.”

“ಹೂಂ.”

“ಯಾರು ನುಡಿಸಿದ್ದು ಇದನ್ನ?”

ಮೂರು ವರ್ಷದ ಹಿಂದಿನ ಪ್ರಶ್ನೆ ಬೇರೆ ಬಾಯಲ್ಲಿ ಬಂದಿತ್ತು. “ನಾನೇ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆವರೆಗೂ ಅಂದ್ಕೊಂಡಿದ್ದೆ. ಈಗ ಗೊತ್ತಾಗ್ತಿಲ್ಲ. ನಿಂಗೆ ಗೊತ್ತಾಗುತ್ತೇನೋ ಅಂತ ಬಂದೆ.”

ಜೋಡಿ ಮತ್ತೆ ಹಾಕಿದಳು. ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಹಾಕಿದಳು. ಇವಳಿಗೆ ಆ ಮುಖದಿಂದ ಬೇಕಿದ್ದದ್ದು ಒಂದೇ, ನಿಂದೇ ಕಣೆ ಎಂಬ ಎರಡು ಪದ. ಅಷ್ಟು ಸಿಕ್ಕಿದ್ದರೆ ಎದ್ದು ಹೋಗಬಹುದಿತ್ತು. ಗಡ್ಡನಿಗೆ ‘ಸರಿ’ ಕಳಿಸಬಹುದಿತ್ತು. ಬೇಡಲು ಬಂದವಳ ಹಾಗೆ ತಾನು ಜೋಡಿಯ ತುಟಿಗಳನ್ನೇ ನೋಡುತ್ತಿರುವುದು ಅರಿವಾಗಿ ನಾಚಿಕೆಯಾಯಿತು.

“ನಂಗೂ ಗೊತ್ತಾಗ್ತಿಲ್ಲ” ಎಂದಳು ಜೋಡಿ. “ಮಾಸ್ಟರು ಭಾರೀ ಕೆಲಸ ಮಾಡಿದ್ದಾನೆ ಬಿಡು.”

“ನಿನ್ನ ಹೆಸರೂ ಹಾಕಿಸ್ತೀನಿ. ಈಗಲೇ ಫೋನ್ ಮಾಡ್ತೀನಿ.”

“ಯಾಕೆ? ನಾನೇನು ಸತ್ತು ಹೋಗಿದ್ದೀನಾ, ಕಲ್ಲಿನ ಮೇಲೆ ಹೆಸರು ಕೆತ್ತೋಕೆ? ನನ್ನನ್ನ ಕೇಳಿದ್ಯಾ, ಬೇಕಾ ಅಂತ?”

ಇವಳ ಕೈ ಫೋನಿನ ಮೇಲೆಯೇ ನಿಂತಿತು. ಜೋಡಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಗುರವಾಗುತ್ತಿತ್ತು. ಹೊರಗೆ ಇನ್ನೊಂದು ಕಲಿಕೆಯ ಕಾರು ರಬ್ಬರಿನ ಕಂಬವೊಂದನ್ನು ಬೀಳಿಸಿತು. ಯಾರೋ ಓಡಿ ಹೋಗಿ ಎತ್ತಿ ನಿಲ್ಲಿಸಿದರು.

“ಅಲ್ವೇ,” ಎಂದಳು ಜೋಡಿ, ಎದುರಿನ ಗಾಜು ನೋಡುತ್ತ, “ಅವತ್ತಿನ ಸ್ವರ ಎಲ್ಲಿ ಬಿತ್ತು, ನೆನಪಿದೆಯಾ ನಿಂಗೆ?”

“ನಿಧಾನದ ಭಾಗದಲ್ಲಿ.”

“ಅದು ನಂಗೂ ಗೊತ್ತು. ಹಾಳೇಲಿ ಎಲ್ಲಿ?”

ಆ ಸಂಜೆಯನ್ನು ಇವಳು ಅದೆಷ್ಟು ಸಲ ತಿರುವಿ ಹಾಕಿರಲಿಲ್ಲ! ಮುಂದಿನ ಸಾಲಿನ ದೊಡ್ಡವರ ಮುಖ, ದೀಪದ ಕಾವು, ಮಾಸ್ಟರ ಹುಬ್ಬು ಗಂಟಾದದ್ದು, ಎಲ್ಲವನ್ನೂ. ಹಾಳೆಯನ್ನೊಂದು ಬಿಟ್ಟು. ಈಗ ಅದು ಕಣ್ಣೆದುರು ನಿಂತಿತು: ಪುಟದ ಕೊನೆಯ ಸಾಲು, ಮೂಲೆಯಲ್ಲಿ ಬೆವರಿನ ಬೆರಳಚ್ಚು, ಆ ಮೂಲೆಯ ಮೇಲೆ ಒಂದು ಕೈ.

“ನನ್ನ ಕೈ ಹಾಳೆ ಮೇಲಿತ್ತು” ಎಂದಳು ಜೋಡಿ. “ಕಮಾನು ಮಡಿಲಲ್ಲಿ. ನಮ್ಮ ಸ್ಟ್ಯಾಂಡಿಂದ ನುಡಿಸ್ತಾ ಇದ್ದವಳು ನೀನೊಬ್ಬಳೇ.”

“ನಿಂಗೆ ಗೊತ್ತಿತ್ತು.”

“ಗೊತ್ತಿಲ್ದೆ ಏನು?”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿನ್ನನ್ನ ಕಳಿಸ್ತಿದ್ದ. ಯಾರನ್ನಾದ್ರೂ ಕಳಿಸಲೇಬೇಕಿತ್ತು ಅವನಿಗೆ, ದೊಡ್ಡವರ ಮುಂದೆ ಮುಖ ಹೋಗಿತ್ತಲ್ಲ. ತಮಾಷೆ ಮಾಡಿ ಹಾರಿಸಿಬಿಡೋಣ ಅಂದ್ಕೊಂಡೆ. ನೀನು ತಿರುಗಿ ನೋಡಿಬಿಟ್ಟೆ.” ಕಾರಿನ ಕನ್ನಡಿ ಸರಿಮಾಡುತ್ತ ಹೇಳಿದಳು: “ಅವನಿಗೂ ಹೊಳೀಬೇಕಿತ್ತು, ಕೊನೇ ಸಾಲಲ್ಲಿ ಒಳಗಿನವಳು ನುಡಿಸಲ್ಲ ಅಂತ. ಹಾಳೆ ತಿರುವೋರನ್ನ ಯಾರು ನೋಡ್ತಾರೆ?”

ಫೋನು ನಡುಗಿತು. ಗಡ್ಡ. ಏನು ಮಾಡುತ್ತಿದ್ದೇನೆಂದು ತಿಳಿಯದೆ ಎತ್ತಿದಳು. “ಮೇಡಂ, ಸರೀನಾ?” “ಆ ಸಾಲನ್ನ ನುಡಿಸಿದ್ದು ನಾನೋ ಅಲ್ವೋ ಗೊತ್ತಿಲ್ಲ” ಎಂದಳು. ಆ ಕಡೆಯಿಂದ ಸಮಾಧಾನದ ನಗು: “ಅಯ್ಯೋ, ಅಷ್ಟೇನಾ? ಯಾರಿಗೂ ಗೊತ್ತಾಗಲ್ಲ ಬಿಡಿ ಮೇಡಂ.” ಸ್ಪೀಕರಿಗೆ ಸಿಕ್ಕಿಸಿದ್ದ ವೈರಿನಿಂದ ಆ ಮಾತು ಕಾರಿನ ತುಂಬ ಮೊಳಗಿತು. ಜೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. “ಗಡ್ಡ ಬೋಳಿಸಿದ್ರೆ ಅವನೂ ಮಾಸ್ಟರೇ!”

“ಪೋಸ್ಟರಿಂದ ‘ಒಬ್ಬಳೇ’ ಅನ್ನೋದನ್ನ ತೆಗೀರಿ” ಎಂದಳು ಇವಳು. “ತೆಗೆಯೋವರೆಗೆ ನನ್ನ ‘ಸರಿ’ ಇಲ್ಲ.” ಗಡ್ಡ ಮತ್ತೇನೋ ಹೇಳುತ್ತಿದ್ದಾಗಲೇ ವೈರು ಕಿತ್ತಳು.

“ನನ್ನ ಹೆಸರು ಹಾಕಬೇಡ” ಎಂದಳು ಜೋಡಿ, ಕಣ್ಣೊರೆಸಿಕೊಂಡು. “ನುಡಿಸಿದವರು ಇಬ್ಬರು ಅಂತ ಬರೀ, ಸಾಕು. ಆ ಸಾಲು ನಿಂಗೇ ಇರಲಿ, ಬೇಕಾದ ಹಾಗೆ ಕುಣಿಸು. ನಂಗೆ ಬೇಕಾಗಿರೋದು ಬೇರೆ.”

“ಏನು?”

“ಮಧ್ಯಾಹ್ನ ಅಭ್ಯಾಸ ಇದೆಯಲ್ಲ ನಿಂಗೆ. ಎಲ್ಲರ ಮುಂದೆ ಎದ್ದು ನಿಂತು ಹೇಳು, ಅವತ್ತು ತಪ್ಪಿದ್ದು ಯಾರು ಅಂತ. ನಂಗೆ ಕೆಲಸ ವಾಪಸ್ ಬೇಡ, ಆ ಕುರ್ಚಿ ನನ್ನ ಸೊಂಟ ತಿಂದಿದ್ದು ಸಾಕು. ಸುಳ್ಳು ಅಲ್ಲೇ ಕೂತಿದೆ, ನನ್ನ ಜಾಗದಲ್ಲಿ. ಅದನ್ನ ಎಬ್ಬಿಸು.” ಕಿಟಕಿಯ ಹೊರಗೆ ಮುಂದಿನ ವಿದ್ಯಾರ್ಥಿನಿ ಬಂದು ನಿಂತಿದ್ದಳು. “ಇಳಿ ಈಗ. ಅಯ್ಯೋ, ಬಾಗಿಲು ಅಷ್ಟು ಜೋರಾಗಿ ಹಾಕಬೇಡ್ವೇ, ಗಾಡಿ ನಂದಲ್ಲ!”

ಅಭ್ಯಾಸದ ಹಾಲಿನಲ್ಲಿ ಮರದ ನೆಲಕ್ಕೆ ಮೇಣ ಹಚ್ಚಿದ್ದರು. ಕಾಲಿಡುವಾಗಲೆಲ್ಲ ಜಾರುವ ಭಯ. ಅವಳು ತನ್ನ ಹೊರ ಕುರ್ಚಿಯಲ್ಲಿ ಕೂತು ಕಮಾನಿನ ಕೂದಲಿಗೆ ರಾಳ ಉಜ್ಜಿದಳು, ಬೇಕಾದದ್ದಕ್ಕಿಂತ ಹೆಚ್ಚು ಉಜ್ಜಿದಳು, ಬಿಳಿ ಪುಡಿ ಮಡಿಲಿಗೆ ಉದುರಿತು. ಒಳ ಕುರ್ಚಿಯಲ್ಲಿ ಈಗ ಕನ್ನಡಕದ ಹೊಸ ಹೆಂಗಸು. ಮೂರು ವರ್ಷದಲ್ಲಿ ಅವಳೊಡನೆ ಆಡಿದ್ದು ‘ಸ್ವಲ್ಪ ಸರೀತೀರಾ’ ಎಂಬ ಮಾತು ಮಾತ್ರ. ಈಗ ಬೇಡ, ವಿರಾಮದಲ್ಲಿ ಮಾಸ್ಟರ ಕೋಣೆಗೆ ಹೋಗಿ ಒಬ್ಬರಿಗೇ ಹೇಳಿದರಾಯಿತು, ಎಂದಿತು ಒಂದು ಮನಸ್ಸು. ಎಲ್ಲರ ಮುಂದೆ, ಎಂದಿದ್ದಳು ಜೋಡಿ. ಬೇಕಾದರೆ ಬರೆದು ತಿಳಿಸಬಹುದು, ಫೋನಿನಲ್ಲಿ ಎಲ್ಲರಿಗೂ ಒಂದು ಸಂದೇಶ, ನಯವಾದ ಪದಗಳಲ್ಲಿ. ಈ ಕುರ್ಚಿ ಹೋದರೆ ಏನು ಮಾಡುವುದು, ಅಮ್ಮನ ಔಷಧಿ, ಮನೆ, ಯಾರೂ ಕುಣಿಯದಿದ್ದರೆ ಆ ಎಂಟು ಹಾಡು. ಮಾಸ್ಟರು ಬಂದರು, ಕಡ್ಡಿಯಿಂದ ಸ್ಟ್ಯಾಂಡನ್ನು ಟಕಟಕ ಬಡಿದರು. ಹನ್ನೆರಡು ಗಲ್ಲಗಳು ಹನ್ನೆರಡು ವಯೊಲಿನ್ನಿನ ಮೇಲೆ ಕೂತವು. ಕಡ್ಡಿ ಮೇಲೆದ್ದಿತು. ಆಗ ತನ್ನ ಮೊಣಕಾಲು ನೆಟ್ಟಗಾದದ್ದು ಅವಳಿಗೆ ತಿಳಿದದ್ದೇ ಕುರ್ಚಿ ನೆಲದ ಮೇಲೆ ಕಿರ್ರೆಂದಾಗ.

“ಏನಮ್ಮಾ?”

“ಅವತ್ತು ತಪ್ಪಿದ್ದು ನಾನು, ಸರ್.”

“ಯಾವತ್ತು?”

“ದೊಡ್ಡವರೆಲ್ಲ ಬಂದಿದ್ದ ದಿನ. ಆ ಸ್ವರ. ನೀವು ನನ್ನ ಜೋಡೀನ ಕಳಿಸಿದ್ರಿ.”

ಮಾಸ್ಟರು ನಿಜವಾಗಿಯೂ ಯೋಚಿಸಿದರು. ಹಣೆ ತಿಕ್ಕಿಕೊಂಡರು, ಒಳ ಕುರ್ಚಿಯ ಕನ್ನಡಕದವಳನ್ನು ನೋಡಿ, ಮತ್ತೆ ಇವಳನ್ನು ನೋಡಿದರು. “ಯಾರನ್ನ ಕಳಿಸಿದ್ದೆ? ಇವರು ಮೊದಲಿಂದ ಇದ್ದಾರಲ್ಲ?” ನಟನೆಯಿರಲಿಲ್ಲ. ಅವರಿಗೆ ನೆನಪೇ ಇರಲಿಲ್ಲ. ಅವಳು ಮೂರು ವರ್ಷ ಹೊತ್ತದ್ದನ್ನು, ಜೋಡಿ ಮೂರು ವರ್ಷ ನುಂಗಿದ್ದನ್ನು, ಅವರು ಅಂದೇ ಕೋಟಿನ ಧೂಳಿನ ಹಾಗೆ ಕೊಡವಿಕೊಂಡು ಊಟಕ್ಕೆ ಹೋಗಿದ್ದರು. “ಕೂತ್ಕೋಮ್ಮಾ, ಟೈಮಿಲ್ಲ” ಎಂದು ಕಡ್ಡಿ ಇಳಿಸಿದರು.

ಹನ್ನೊಂದು ಕಮಾನುಗಳು ತಂತಿಗೆ ಬಿದ್ದವು. ಅವಳು ನಿಂತೇ ಇದ್ದಳು. ನಾದ ತುಂಬಿ ಹರಿಯಿತು, ನುಣುಪಾಗಿ, ಎಲ್ಲೂ ಹರುಕಿಲ್ಲದೆ. ಅವಳಿಲ್ಲದ ಜಾಗ ಯಾವುದೆಂದು ಅವಳ ಕಿವಿಗೇ ಸಿಗಲಿಲ್ಲ. ಇಷ್ಟೇನಾ ನಾನು, ಇಷ್ಟೇನಾ ಅವಳೂ. ಅವಳು ವಯೊಲಿನ್ನನ್ನು ಕುರ್ಚಿಯ ಮೇಲಿಟ್ಟಳು. ಹಾಡುವಾಗ ಮಾಡುವ ಹಾಗೆ ಹೊಟ್ಟೆಯ ತಳದಿಂದ ಉಸಿರು ತೆಗೆದುಕೊಂಡು, ಜೋಡಿಯ ಹೆಸರನ್ನು, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕರೆಯದ ಅವಳ ಪೂರ್ತಿ ಹೆಸರನ್ನು, ಆ ನಾದದ ಮೇಲೆ ಎತ್ತಿ ಹೇಳಿದಳು. ಮಾಸ್ಟರ ಕಡ್ಡಿ ನಿಲ್ಲಲಿಲ್ಲ. ಇನ್ನೊಮ್ಮೆ ಹೇಳಿದಳು, ಇನ್ನೂ ಮೇಲಿನ ಸ್ವರದಲ್ಲಿ. ಆಗ ಹಿಂದಿನಿಂದ, ಎಡಗಡೆ, ಗೋಡೆಯ ಪಕ್ಕದ ಕುರ್ಚಿಯಿಂದ ಒಂದು ವಯೊಲಿನ್ ನಿಂತಿತು. ಆ ನುಣುಪು ನಾದದಲ್ಲಿ ಹರಿದ ಜಾಗ ಮೊದಲ ಸಲ ಕೇಳಿಸಿತು, ತಿರುಗಿ ನೋಡುವುದು ಬೇಕಾಗಲಿಲ್ಲ. ಯಾರದು ನಿಂತಿತೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.